ಆಟವಾದ ಇತಿಹಾಸ: ‘ಅಸ್ಯಾಸಿನ್ಸ್ ಕ್ರೀಡ್’ನ ಮರು ಓದು ಮತ್ತು ಕಲ್ಯಾಣದ ನೆನಪು

1. ಪೀಠಿಕೆ

ಕಲ್ಯಾಣವನ್ನು ರಾಜಧಾನಿಯಾಗಿಸಿಕೊಂಡು ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1130ರ ವೇಳೆಗೆ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. ತಲಾ ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ ಹರಡಿಕೊಂಡಿರುವ ಈ ಗ್ರಂಥದ ಕೊನೆಯ ಎರಡು ಭಾಗಗಳು ವಿನೋದ ಮತ್ತು ಕ್ರೀಡೆಗಳಿಗೆ ಮೀಸಲಾಗಿವೆ. ಗೀತ, ವಾದ್ಯ, ನೃತ್ಯಗಳ ಸಾಲಿನಲ್ಲಿ ಕಥಾವಿನೋದವು ವಿನೋದ ವಿಂಶತಿಯಲ್ಲಿ ಬಂದರೆ, ಚದುರಂಗ ಮತ್ತು ಪಗಡೆಯಂತಹ ಆಟಗಳು ಕ್ರೀಡಾ ವಿಂಶತಿಯಲ್ಲಿ ಬರುತ್ತವೆ. ಕಥೆಯನ್ನು ಕೇಳುವುದು ಒಂದು ಬಗೆಯ ಸಂತೋಷ, ಆಟವನ್ನು ತಾನೇ ಆಡುವುದು ಇನ್ನೊಂದು ಬಗೆಯ ಸಂತೋಷ ಎಂಬ ತಿಳುವಳಿಕೆ ಈ ವಿಂಗಡಣೆಯ ಹಿಂದೆ ಇದೆ ಎನ್ನಬಹುದು.

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬೆಳೆದು ಬಂದ ವಿಡಿಯೋ ಗೇಮ್ ಎಂಬ ಮಾಧ್ಯಮವು ಈ ಎರಡು ವಿಂಶತಿಗಳ ನಡುವಿನ ಗೆರೆಯನ್ನು ಅಳಿಸಿತು. ಇಲ್ಲಿ ಕಥೆ ಮುಂದುವರಿಯಬೇಕಾದರೆ ಆಟ ಆಡಲೇಬೇಕು. ಆಟಕ್ಕೆ ಅರ್ಥ ಬರಬೇಕಾದರೆ ಕಥೆ ಇರಲೇಬೇಕು. ಇತಿಹಾಸವನ್ನು ವಸ್ತುವಾಗಿ ತೆಗೆದುಕೊಂಡ ಆಟಗಳಲ್ಲಂತೂ ಆಟಗಾರನು ಗತಕಾಲವನ್ನು ಓದುವುದಿಲ್ಲ, ನೋಡುವುದಿಲ್ಲ. ಅದರೊಳಗೆ ಒಂದು ದೇಹವನ್ನು ಧರಿಸಿ ನಡೆದಾಡುತ್ತಾನೆ. ಇಂದಿನ ಪದವಿ ತರಗತಿಗಳಿಗೆ ಬರುವ ಅನೇಕ ವಿದ್ಯಾರ್ಥಿಗಳ ಚಾರಿತ್ರಿಕ ಕಲ್ಪನೆಯು ಕಾದಂಬರಿ, ನಾಟಕಗಳಿಗಿಂತ ಮೊದಲು ಇಂತಹ ಆಟಗಳಿಂದ ರೂಪುಗೊಂಡಿರುವ ಸಾಧ್ಯತೆಯಿದೆ. ಆದ್ದರಿಂದ ಅವುಗಳನ್ನು ಕಥನ ಪ್ರಕಾರವಾಗಿ ಪರಿಶೀಲಿಸುವುದು ಕನ್ನಡ ವಿಭಾಗಗಳಿಗೆ ಹೊರಗಿನ ಕೆಲಸವಲ್ಲ.

ಪ್ರಸ್ತುತ ಲೇಖನದಲ್ಲಿ 2007ರಲ್ಲಿ ಪ್ರಕಟವಾದ ‘ಅಸ್ಯಾಸಿನ್ಸ್ ಕ್ರೀಡ್’ ಎಂಬ ಆಟವನ್ನು ಮರಳಿ ನೋಡಲಾಗಿದೆ. ಹನ್ನೆರಡನೆಯ ಶತಮಾನದ ನಗರ, ಮತಸಂಘರ್ಷ ಮತ್ತು ರಾಜಕೀಯ ಹತ್ಯೆ ಈ ಆಟದ ವಸ್ತು. ಇದೇ ಶತಮಾನದ ಕಲ್ಯಾಣವೂ ಒಂದು ಹತ್ಯೆಯ ನೆನಪನ್ನು ಕನ್ನಡ ಸಾಹಿತ್ಯಕ್ಕೆ ಬಿಟ್ಟುಹೋಗಿದೆ. ಎರಡನ್ನೂ ಎದುರುಬದುರಿಟ್ಟಾಗ ಇತಿಹಾಸವನ್ನು ಆಟವಾಗಿಸುವ ಕ್ರಮದ ಶಕ್ತಿ ಮತ್ತು ಮಿತಿಗಳು ಸ್ಪಷ್ಟವಾಗುತ್ತವೆ ಎಂಬುದು ಇಲ್ಲಿನ ಪ್ರತಿಪಾದನೆ.

2. ಆಟದ ಸ್ವರೂಪ

ಕೆನಡಾದ ಮಾಂಟ್ರಿಯಲ್ ನಗರದ ಯೂಬಿಸಾಫ್ಟ್ ಸ್ಟುಡಿಯೋದಲ್ಲಿ ಈ ಆಟವು ಸಿದ್ಧವಾಯಿತು. ಜೋರ್ಡನ್ ಮೆಕ್ನರ್ 1989ರಲ್ಲಿ ರೂಪಿಸಿದ ‘ಪ್ರಿನ್ಸ್ ಆಫ್ ಪರ್ಷಿಯಾ’ ಸರಣಿಯ ಮುಂದುವರಿಕೆಯಾಗಿ ಇದರ ಕೆಲಸ ಆರಂಭವಾಗಿ, ಕ್ರಮೇಣ ಸ್ವತಂತ್ರ ಕೃತಿಯಾಯಿತು. ಪ್ಯಾಟ್ರಿಸ್ ಡೆಸಿಲೆ ಇದರ ಸೃಜನಾತ್ಮಕ ನಿರ್ದೇಶಕರು. ಜೇಡ್ ರೇಮಂಡ್ ನಿರ್ಮಾಪಕರು. 1938ರಲ್ಲಿ ಪ್ರಕಟವಾದ ವ್ಲಾದಿಮಿರ್ ಬಾರ್ತೋಲ್ ಅವರ ‘ಅಲಾಮುತ್’ ಎಂಬ ಸ್ಲೊವೇನಿಯನ್ ಕಾದಂಬರಿಯು ಇದರ ಪ್ರೇರಣೆಗಳಲ್ಲಿ ಒಂದು.

ಆಟದ ಮುಖ್ಯ ಕಾಲ 1191, ಮೂರನೆಯ ಕ್ರುಸೇಡ್ ಯುದ್ಧದ ವರ್ಷ. ಸ್ಥಳಗಳು ಡಮಾಸ್ಕಸ್, ಜೆರುಸಲೇಮ್, ಆಕ್ರ್ ಎಂಬ ಮೂರು ನಗರಗಳು ಮತ್ತು ಮಸ್ಯಾಫ್ ಎಂಬ ಬೆಟ್ಟದ ಕೋಟೆ. ನಿಜಾರಿ ಇಸ್ಮಾಯಿಲಿಗಳ ಸಂಘಕ್ಕೆ ಸೇರಿದ ಅಲ್ತಾಯಿರ್ ಎಂಬ ಕಾಲ್ಪನಿಕ ತರುಣನು ನಾಯಕ. ಸಂಘದ ನಿಯಮಗಳನ್ನು ಮುರಿದು ಪದಚ್ಯುತನಾದ ಅವನು ಕಳೆದುಕೊಂಡ ಸ್ಥಾನವನ್ನು ಮರಳಿ ಪಡೆಯಲು ಗುರುವು ಹೇಳಿದ ಒಂಬತ್ತು ಜನರನ್ನು ಒಬ್ಬೊಬ್ಬರನ್ನಾಗಿ ಕೊಲ್ಲಬೇಕು. ಪ್ರತಿ ಕೊಲೆಗೂ ಮುನ್ನ ನಗರದಲ್ಲಿ ಮಾತುಗಳನ್ನು ಕದ್ದು ಕೇಳುವುದು, ಜೇಬುಗಳ್ಳತನದಿಂದ ಪತ್ರಗಳನ್ನು ಪಡೆಯುವುದು, ಒಬ್ಬನನ್ನು ಹಿಡಿದು ಬಾಯಿ ಬಿಡಿಸುವುದು ಮುಂತಾದ ವಿಧಾನಗಳಿಂದ ಮಾಹಿತಿ ಸಂಗ್ರಹಿಸಬೇಕು. ಒಂದೇ ಕ್ರಮವು ಒಂಬತ್ತು ಬಾರಿ ಮರುಕಳಿಸುತ್ತದೆ ಎಂಬ ಆಕ್ಷೇಪವು ಆಟ ಬಂದ ಕಾಲದಲ್ಲಿಯೇ ಕೇಳಿಬಂದಿತ್ತು.

ಈ ಕಥೆಗೆ ಒಂದು ಚೌಕಟ್ಟಿನ ಕಥೆಯೂ ಉಂಟು. 2012ರಲ್ಲಿ ಒಂದು ಕಂಪನಿಯು ಡೆಸ್ಮಂಡ್ ಮೈಲ್ಸ್ ಎಂಬ ಮದ್ಯದಂಗಡಿಯ ಕೆಲಸಗಾರನನ್ನು ಸೆರೆಹಿಡಿದು ‘ಆನಿಮಸ್’ ಎಂಬ ಯಂತ್ರದ ಮೇಲೆ ಮಲಗಿಸುತ್ತದೆ. ಅವನ ರಕ್ತದಲ್ಲಿ ಪೂರ್ವಜರ ನೆನಪುಗಳು ಅಡಗಿವೆ, ಯಂತ್ರವು ಅವನ್ನು ಓದಬಲ್ಲದು ಎಂಬುದು ಕಲ್ಪನೆ. ಅಲ್ತಾಯಿರ್ ಅವನ ಪೂರ್ವಜ. ಹೀಗಾಗಿ ಆಟಗಾರನು ಆಡುವುದು 1191ರ ಘಟನೆಯನ್ನಲ್ಲ, ಅದರ ನೆನಪನ್ನು. ಇತಿಹಾಸ ಮತ್ತು ಇತಿಹಾಸದ ನೆನಪು ಬೇರೆ ಬೇರೆ ಎಂಬುದನ್ನು ಒಂದು ಜನಪ್ರಿಯ ಆಟವು ತನ್ನ ರಚನೆಯಲ್ಲಿಯೇ ಒಪ್ಪಿಕೊಂಡಿರುವುದು ಗಮನಾರ್ಹ.

3. ದಾಖಲೆ ಮತ್ತು ಕಲ್ಪನೆ

ಆಟವು ಆರಂಭವಾಗುವಾಗಲೇ, ಇದು ಚಾರಿತ್ರಿಕ ಘಟನೆ ಮತ್ತು ವ್ಯಕ್ತಿಗಳಿಂದ ಪ್ರೇರಿತವಾದ ಕಲ್ಪಿತ ಕೃತಿಯೆಂದೂ, ಬೇರೆ ಬೇರೆ ಮತ ಮತ್ತು ನಂಬಿಕೆಗಳ ಜನರು ಕೂಡಿ ಇದನ್ನು ರಚಿಸಿದ್ದಾರೆಂದೂ ಒಂದು ಅರಿಕೆ ತೆರೆಯ ಮೇಲೆ ಮೂಡುತ್ತದೆ. ಈ ಎಚ್ಚರಿಕೆ ಅಕಾರಣವಲ್ಲ. ಅಲ್ತಾಯಿರನ ಕತ್ತಿಗೆ ಗುರಿಯಾಗುವವರಲ್ಲಿ ಹಾಸ್ಪಿಟಲರ್ ಸಂಘದ ಮುಖ್ಯಸ್ಥ ಗಾರ್ನಿಯೆ, ಟೆಂಪ್ಲರ್ ಸಂಘದ ಮುಖ್ಯಸ್ಥ ರಾಬರ್ಟ್ ದ ಸಾಬ್ಲೆ, ಮಾಂಟ್‌ಫೆರಾಟಿನ ವಿಲಿಯಂ ಮುಂತಾದವರು ಐತಿಹಾಸಿಕ ವ್ಯಕ್ತಿಗಳು. ಆದರೆ ಅವರನ್ನು ನಿಜಾರಿಗಳು ಕೊಂದರೆಂಬುದಕ್ಕೆ ದಾಖಲೆಯಿಲ್ಲ. ನಿಜಾರಿಗಳ ಕೈಯಿಂದ ಸತ್ತನೆಂದು ಇತಿಹಾಸವು ಹೇಳುವುದು ವಿಲಿಯಂನ ಮಗನಾದ ಕಾನ್ರಾಡ್‌ನನ್ನು. ಅವನು 1192ರ ಏಪ್ರಿಲ್ 28ರಂದು ಟೈರ್ ನಗರದ ಬೀದಿಯಲ್ಲಿ ಹತನಾದನು. ಆಟದಲ್ಲಿ ಈ ಘಟನೆ ಬರುವುದಿಲ್ಲ. ದಾಖಲೆ ಮೌನವಾಗಿರುವೆಡೆ ಆಟವು ಕೊಲೆಯನ್ನು ಕಲ್ಪಿಸುತ್ತದೆ. ದಾಖಲೆ ಮಾತನಾಡುವೆಡೆ ಆಟವು ಮೌನವಾಗುತ್ತದೆ.

ಕಲ್ಯಾಣದ ಸಂದರ್ಭದಲ್ಲಿಯೂ ಇದಕ್ಕೆ ಸಂವಾದಿಯಾದ ಸ್ಥಿತಿಯಿದೆ. ಮಂಗಳವಾಡದ ಕಳಚುರಿ ಮನೆತನದ ಇಮ್ಮಡಿ ಬಿಜ್ಜಳನು ಚಾಲುಕ್ಯ ಮೂರನೆಯ ತೈಲಪನ ಮಾಂಡಲಿಕನಾಗಿದ್ದು, 1157ರ ಸುಮಾರಿಗೆ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡನು. 1167–68ರ ವೇಳೆಗೆ ಅವನು ಮಗನಾದ ಸೋವಿದೇವನಿಗೆ ರಾಜ್ಯವನ್ನು ಒಪ್ಪಿಸಿದನೆಂದು ಶಾಸನಗಳ ಆಧಾರದಿಂದ ವಿದ್ವಾಂಸರು ಗುರುತಿಸಿದ್ದಾರೆ. ಬಿಜ್ಜಳನ ವಧೆಯ ವಿವರಗಳಿಗಾಗಿ ಕಾವ್ಯ ಪುರಾಣಗಳ ಕಡೆಗೇ ತಿರುಗಬೇಕಾಗುತ್ತದೆ. ಬಸವಣ್ಣನ ಕಾಲಕ್ಕೆ ಸಮೀಪದವನಾದ ಹರಿಹರನ ‘ಬಸವರಾಜದೇವರ ರಗಳೆ’ಯ ಉತ್ತರಭಾಗ ದೊರೆತಿಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ‘ಬಸವಪುರಾಣಮು’, 1369ರ ಭೀಮಕವಿಯ ಕನ್ನಡ ‘ಬಸವಪುರಾಣ’, 1584ರ ವಿರೂಪಾಕ್ಷ ಪಂಡಿತನ ‘ಚೆನ್ನಬಸವಪುರಾಣ’ ಈ ಪರಂಪರೆಯ ಮುಖ್ಯ ಕೃತಿಗಳು. ಜಗದೇವ ಮತ್ತು ಅವನ ಸಂಗಡಿಗರು ಬಿಜ್ಜಳನನ್ನು ಕೊಂದರೆಂಬ ಕಥನ ಈ ಪರಂಪರೆಯದು. ಸಂಗಡಿಗರ ಹೆಸರು ಮತ್ತು ವಿವರಗಳು ಕೃತಿಯಿಂದ ಕೃತಿಗೆ ವ್ಯತ್ಯಾಸವಾಗುತ್ತವೆ. ಜೈನ ಕವಿ ಧರಣಿ ಪಂಡಿತನ ‘ಬಿಜ್ಜಳರಾಯ ಚರಿತೆ’ಯಾದರೋ ದೊರೆಯು ವಿಷದಿಂದ ಸತ್ತನೆಂದು ಹೇಳುತ್ತದೆ.

ಹೀಗೆ ಒಂದು ಸಾವು, ಹಲವು ಕಥನಗಳು. ಸೋವಿದೇವನಿಗೆ ಅಧಿಕಾರ ಹಸ್ತಾಂತರವಾದುದನ್ನು ಹೇಳುವ ಶಾಸನ, ಶರಣರ ಕೋಪವನ್ನು ಹೇಳುವ ಪುರಾಣ, ಶರಣರ ಮೇಲೆ ದೋಷ ಹೊರಿಸುವ ಜೈನ ಚರಿತೆ, ಇವು ಮೂರೂ ತಮ್ಮ ತಮ್ಮ ನೆಲೆಯಿಂದ ಮಾತನಾಡುತ್ತವೆ. ಕನ್ನಡ ಸಂಶೋಧನೆಯು ಇವನ್ನು ತೂಗಿ ನೋಡುವುದನ್ನು ರೂಢಿಸಿಕೊಂಡಿದೆ. ಆಟದ ರಚನೆಗೆ ಇದು ಒಗ್ಗುವುದು ಕಷ್ಟ. ಯಂತ್ರದೊಳಗಿನ ನೆನಪು ಒಂದೇ, ಅದಕ್ಕೆ ಪಾಠಾಂತರಗಳಿಲ್ಲ.

4. ಕೊಲ್ಲುವ ಬಗೆ ಮತ್ತು ಕೊಲ್ಲುವ ಪ್ರಶ್ನೆ

ಆಟದಲ್ಲಿ ಆಟಗಾರನಿಗೆ ದೊರೆಯುವ ಸ್ವಾತಂತ್ರ್ಯವು ವಿಸ್ತಾರವಾಗಿ ಕಾಣುತ್ತದೆ. ಮಾಳಿಗೆಯ ಮೇಲಿನಿಂದ ಬರಬಹುದು, ಜನಸಂದಣಿಯಲ್ಲಿ ಬೆರೆತು ಬರಬಹುದು, ಕಾವಲುಗಾರರೊಡನೆ ಹೋರಾಡಿ ದಾರಿ ಬಿಡಿಸಿಕೊಳ್ಳಬಹುದು. ಆದರೆ ಕೊಲ್ಲದೆ ಮರಳುವ ಸ್ವಾತಂತ್ರ್ಯವಿಲ್ಲ. ಹೇಗೆ ಎಂಬ ಪ್ರಶ್ನೆ ಆಟಗಾರನದು. ಕೊಲ್ಲಬೇಕೆ ಎಂಬ ಪ್ರಶ್ನೆಯನ್ನು ಕಥೆ ಮೊದಲೇ ತೀರ್ಮಾನಿಸಿಬಿಟ್ಟಿದೆ.

ಆಟವನ್ನು ರಚಿಸಿದವರು ಈ ಕೊರತೆಯನ್ನು ಅರಿತಿದ್ದರೆಂಬುದಕ್ಕೆ ಒಂದು ಸಾಕ್ಷ್ಯವಿದೆ. ಪ್ರತಿ ಕೊಲೆಯ ನಂತರ ಸುತ್ತಲ ನಗರ ಮರೆಯಾಗಿ, ಬರಿಯ ಬಯಲಿನಲ್ಲಿ ಸಾಯುತ್ತಿರುವವನು ಮತ್ತು ಕೊಂದವನು ಇಬ್ಬರೇ ಉಳಿಯುತ್ತಾರೆ. ಸಾಯುವವನು ತನ್ನ ಪಕ್ಷವನ್ನು ಹೇಳಿಕೊಳ್ಳುತ್ತಾನೆ. ರೋಗಿಗಳನ್ನು ಹಿಂಸಿಸಿದವನೆಂದು ಆಟಗಾರನು ತಿಳಿದಿದ್ದ ಗಾರ್ನಿಯೆ, ತಾನು ಅವರಿಗೆ ಉಪಕಾರ ಮಾಡುತ್ತಿದ್ದೆನೆಂದು ನಂಬಿ ಸಾಯುತ್ತಾನೆ. ಡಮಾಸ್ಕಸಿನಲ್ಲಿ ಗ್ರಂಥಗಳನ್ನು ಸುಡಿಸುತ್ತಿದ್ದ ಜುಬೈರ್, ಹೊತ್ತಗೆಗಳೇ ಜನರನ್ನು ಯುದ್ಧಕ್ಕೆ ತಳ್ಳಿದವೆಂದು ವಾದಿಸುತ್ತಾನೆ. ಅಲ್ತಾಯಿರನ ಮನಸ್ಸಿನಲ್ಲಿ ಸಂದೇಹವು ಹೀಗೆ ಹನಿಹನಿಯಾಗಿ ಸೇರುತ್ತಾ ಹೋಗಿ, ಕೊನೆಗೆ ಆಜ್ಞೆ ಕೊಟ್ಟ ಗುರುವೇ ವಂಚಕನೆಂದು ತಿಳಿದುಬರುತ್ತದೆ. ಇದು ಗಂಭೀರವಾದ ಕಥನ ತಂತ್ರ. ಆದರೂ ಇಲ್ಲಿ ವಿಚಾರಣೆ ನಡೆಯುವುದು ಶಿಕ್ಷೆಯ ನಂತರ.

ಬಸವಪುರಾಣದ ಪರಂಪರೆಯಲ್ಲಿ ಬರುವ ಒಂದು ಪ್ರಸಂಗವನ್ನು ಇದರೊಡನೆ ಹೋಲಿಸಬಹುದು. ದೊರೆಯನ್ನು ಕೊಲ್ಲುವ ಹೊಣೆ ಹೊತ್ತ ಜಗದೇವನು ತಡಮಾಡಿ ಮನೆಗೆ ಬಂದಾಗ, ಅವನ ತಾಯಿಯು ನಾಯಿಗೆ ಇಡುವಂತೆ ಅವನಿಗೆ ಅನ್ನವಿಡುತ್ತಾಳೆ. ಕೃತ್ಯವನ್ನು ಸಮರ್ಥಿಸುವ ಪುರಾಣವೂ ಕೃತ್ಯಕ್ಕೆ ಮುಂಚಿನ ಹಿಂಜರಿಕೆಯನ್ನು ಮುಚ್ಚಿಟ್ಟಿಲ್ಲ ಎಂಬುದನ್ನು ಇಲ್ಲಿ ಕಾಣಬೇಕು. ಊಟದ ಎಲೆಯ ಮುಂದೆ ಕುಳಿತ ಆ ಗಳಿಗೆಗೆ ಅಲ್ತಾಯಿರನ ಕಥೆಯಲ್ಲಿ ಸ್ಥಾನವಿಲ್ಲ. ಆಟಗಾರನು ಹಿಂಜರಿದರೆ ಕಥೆ ನಿಂತಲ್ಲೇ ನಿಲ್ಲುತ್ತದೆ, ಅಷ್ಟೆ.

ಆಧುನಿಕ ಕನ್ನಡ ನಾಟಕಗಳು ಈ ಗಳಿಗೆಯನ್ನು ಇನ್ನಷ್ಟು ಹಿಗ್ಗಿಸಿದವು. ಪಿ. ಲಂಕೇಶರ ‘ಸಂಕ್ರಾಂತಿ’ (1971), ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ (1986), ಗಿರೀಶ ಕಾರ್ನಾಡರ ‘ತಲೆದಂಡ’ (1990) ಒಂದೇ ಕಾಲಘಟ್ಟವನ್ನು ಮೂರು ದಿಕ್ಕುಗಳಿಂದ ನೋಡುತ್ತವೆ. ‘ಸಂಕ್ರಾಂತಿ’ಯು ರುದ್ರ ಮತ್ತು ಉಷಾ ಎಂಬ ದಲಿತ–ಬ್ರಾಹ್ಮಣ ಜೋಡಿಯ ಮೂಲಕ ಚಳವಳಿಯ ಒಳಬಿರುಕನ್ನು ಪರೀಕ್ಷಿಸಿತು. ‘ತಲೆದಂಡ’ದಲ್ಲಿ ಬಿಜ್ಜಳನ ಕೊಲೆಯಾದ ಮೇಲೂ ನಾಟಕ ಮುಗಿಯುವುದಿಲ್ಲ, ಸೋವಿದೇವನ ಪಟ್ಟಾಭಿಷೇಕವೂ ಶರಣರ ಮೇಲಿನ ದಮನವೂ ಅದರ ಕೊನೆಯ ನೋಟ. ಆಟದಲ್ಲಿ ಕೊಲೆಯ ಫಲವಾಗಿ ನಾಯಕನ ಸ್ಥಾನ ಒಂದು ಮೆಟ್ಟಿಲು ಏರುತ್ತದೆ. ನಾಟಕದಲ್ಲಿ ಕೊಲೆಯ ಫಲವಾಗಿ ಊರು ಬರಿದಾಗುತ್ತದೆ. ಕನ್ನಡದ ಚಾರಿತ್ರಿಕ ಕಲ್ಪನೆಯು ಪರಿಣಾಮದ ಮೇಲೆ ಇಟ್ಟಿರುವ ಒತ್ತು ಈ ಹೋಲಿಕೆಯಿಂದ ಎದ್ದು ಕಾಣುತ್ತದೆ.

5. ರಕ್ತದ ನೆನಪು, ನುಡಿಯ ನೆನಪು

ಆನಿಮಸ್ ಯಂತ್ರದ ಕಲ್ಪನೆಯ ತಳದಲ್ಲಿ ಒಂದು ನಂಬಿಕೆಯಿದೆ: ಗತಕಾಲವನ್ನು ಪ್ರವೇಶಿಸುವ ಹಕ್ಕು ವಂಶದಿಂದ ಬರುತ್ತದೆ. ಡೆಸ್ಮಂಡನು 1191ಕ್ಕೆ ಹೋಗಬಲ್ಲನು, ಏಕೆಂದರೆ ಅವನು ಅಲ್ತಾಯಿರನ ಸಂತತಿ. ಬೇರೆಯವರಿಗೆ ಆ ಬಾಗಿಲು ಮುಚ್ಚಿದೆ. ಕಥೆಯನ್ನು ಹೆಣೆಯಲು ಇದು ಅನುಕೂಲವಾದ ಯುಕ್ತಿಯಾಗಿರಬಹುದು. ಇತಿಹಾಸದ ತಿಳುವಳಿಕೆಯಾಗಿ ಪರಿಶೀಲಿಸಿದರೆ ಇದು ಕುಲದ ಯಜಮಾನಿಕೆಯನ್ನು ಹೊಸ ವಿಜ್ಞಾನದ ಭಾಷೆಯಲ್ಲಿ ಮರಳಿ ಸ್ಥಾಪಿಸುತ್ತದೆ.

ಕಲ್ಯಾಣದ ಶರಣರು ತಿರಸ್ಕರಿಸಿದ್ದು ಈ ಬಗೆಯ ಹಕ್ಕನ್ನು. ಬಸವಣ್ಣನು ತನ್ನ ವಚನಗಳಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಮೊದಲಾದವರನ್ನು ತನ್ನ ಬಂಧುಗಳೆಂದು ಕರೆದುಕೊಳ್ಳುತ್ತಾನೆ. ಹುಟ್ಟಿನಿಂದ ಬಂದ ಬಂಧುತ್ವವನ್ನು ಬಿಟ್ಟು ಆಯ್ದುಕೊಂಡ ಬಂಧುತ್ವವಿದು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ವಿವಾಹವು ಕಲ್ಯಾಣದ ದುರಂತಕ್ಕೆ ಕಾರಣವಾಯಿತೆಂದು ಪರಂಪರೆ ಹೇಳುವಾಗ, ಅದರ ಹಿಂದೆ ಇರುವುದೂ ರಕ್ತದ ಗಡಿಯನ್ನು ದಾಟಿದ ಅಪರಾಧ. ಇಂತಹ ಚಳವಳಿಯ ನೆನಪನ್ನು ರಕ್ತದಲ್ಲಿ ಹುಡುಕುವ ಯಂತ್ರವು ಆ ಚಳವಳಿಯ ಮೂಲತತ್ತ್ವವನ್ನೇ ಅಲ್ಲಗಳೆದಂತಾಗುತ್ತದೆ.

ಶರಣರ ನೆನಪು ಉಳಿದು ಬಂದ ದಾರಿ ಬೇರೆ. ಬಿಜ್ಜಳನ ವಧೆಯ ನಂತರ ಶರಣರು ವಚನದ ಕಟ್ಟುಗಳೊಂದಿಗೆ ಉಳವಿಯತ್ತ ನಡೆದರೆಂಬುದು ಪರಂಪರೆಯ ನಂಬಿಕೆ. ಹದಿನೈದನೆಯ ಶತಮಾನದಲ್ಲಿ ಸಂಕಲನಕಾರರು ವಚನಗಳನ್ನು ಜೋಡಿಸಿ ‘ಶೂನ್ಯಸಂಪಾದನೆ’ಯನ್ನು ಕಟ್ಟಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ.ಗು. ಹಳಕಟ್ಟಿಯವರು ಮನೆ ಮನೆ ಅಲೆದು ತಾಳೆಗರಿಗಳನ್ನು ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಇಲ್ಲಿ ನೆನಪು ಸಾಗಿದ್ದು ಹೊತ್ತು ತಂದವರಿಂದ, ನಕಲು ಮಾಡಿದವರಿಂದ, ಓದಿದವರಿಂದ. ಓದಬಲ್ಲ ಯಾರಾದರೂ ಅದರ ವಾರಸುದಾರರು. ಹೊತ್ತಗೆಗಳನ್ನು ಸುಡಿಸುವ ಜುಬೈರನ ದೃಶ್ಯವು ಕನ್ನಡ ಓದುಗನಿಗೆ ಬೇರೆಲ್ಲ ದೃಶ್ಯಗಳಿಗಿಂತ ಹೆಚ್ಚು ತಟ್ಟಿದರೆ, ಅದಕ್ಕೆ ಈ ಹಿನ್ನೆಲೆಯೇ ಕಾರಣವಾಗಿರಬಹುದು.

6. ನಗರವೆಂಬ ಪಠ್ಯ: ಬಸವಕಲ್ಯಾಣ ಮತ್ತು ಹುಮನಾಬಾದ್

ಆಟದ ನಿಜವಾದ ಸಾಧನೆಯೆಂದರೆ ನಗರ. ಎತ್ತರದ ಗೋಪುರಗಳನ್ನು ಏರಿ ಸುತ್ತ ನೋಡಿದಾಗ ಮಾತ್ರ ನಕ್ಷೆಯ ಆಯಾ ಭಾಗ ತೆರೆದುಕೊಳ್ಳುತ್ತದೆ. ಸಂತೆ, ಬಾವಿ, ಮಸೀದಿ, ಚರ್ಚು, ಇಕ್ಕಟ್ಟಾದ ಓಣಿ, ಭಿಕ್ಷೆ ಬೇಡುವವರು, ಬೀದಿಯಲ್ಲಿ ನಿಂತು ಭಾಷಣ ಮಾಡುವವರು ಎಲ್ಲವೂ ನಡೆದು ತಿಳಿಯಬೇಕಾದ ಪಠ್ಯಗಳಾಗುತ್ತವೆ. ಅಧಿಕಾರ ಎಲ್ಲಿ ಕುಳಿತಿದೆ, ಬಡವರು ಎಲ್ಲಿ ವಾಸಿಸುತ್ತಾರೆ ಎಂಬುದನ್ನು ಆಟಗಾರನು ಕಾಲ್ನಡಿಗೆಯಲ್ಲಿ ಕಲಿಯುತ್ತಾನೆ.

ಈ ಕ್ರಮವನ್ನು ಬಸವಕಲ್ಯಾಣಕ್ಕೆ ಅನ್ವಯಿಸಿದರೆ ತೊಡಕುಗಳು ಎದುರಾಗುತ್ತವೆ. ಕೋಟೆಯ ಬುರುಜನ್ನು ಏರಿದರೆ ಕಾಣುವುದು ಹನ್ನೆರಡನೆಯ ಶತಮಾನವಲ್ಲ. ಚಾಲುಕ್ಯರ ಕಾಲದ ಕೋಟೆಯ ಮೇಲೆ ಬಹಮನಿ ಮತ್ತು ನಂತರದ ಅರಸರ ಕಟ್ಟಡಗಳು ಸೇರಿಕೊಂಡಿವೆ. ತ್ರಿಪುರಾಂತಕ ಕೆರೆ, ಅಕ್ಕನಾಗಮ್ಮನ ಗವಿ, ಪರುಷಕಟ್ಟೆ ಮುಂತಾದ ತಾಣಗಳನ್ನು ಜನರ ನೆನಪು ಶರಣರೊಂದಿಗೆ ಜೋಡಿಸಿದೆ. ಅದೇ ಊರಿನಲ್ಲಿ ರಾಜಾ ಬಾಗ್ ಸವಾರ್ ದರ್ಗಾ ಇದೆ; ಸಮೀಪದ ನಾರಾಯಣಪುರದಲ್ಲಿ ಚಾಲುಕ್ಯ ಶೈಲಿಯ ಶಿವಾಲಯವಿದೆ. 1948ರವರೆಗೆ ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದು 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ಈ ಸೀಮೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗುಗಳು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಒಂದು ಕಾಲವನ್ನು ಮಾತ್ರ ಉಳಿಸಿ ಉಳಿದವನ್ನು ಅಳಿಸಿದ ಆಟದ ನಗರವು ನೋಡಲು ಸುಂದರವಾಗಬಹುದು, ಆದರೆ ಊರಿನ ನೆನಪು ಕೆಲಸ ಮಾಡುವ ಬಗೆಯನ್ನು ಅದು ತಿಳಿಸಲಾರದು.

ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿರುವ ಹುಮನಾಬಾದ್ ಇನ್ನೊಂದು ಪಾಠವನ್ನು ಒದಗಿಸುತ್ತದೆ. ವೀರಭದ್ರೇಶ್ವರ ದೇವಾಲಯಕ್ಕೂ ಮಾಣಿಕಪ್ರಭುಗಳ ಸಂಸ್ಥಾನವಾದ ಮಾಣಿಕನಗರಕ್ಕೂ ಹೆಸರಾದ ಈ ಊರಿನ ತಾಲ್ಲೂಕಿನಲ್ಲಿ ಜಲಸಂಗವಿ ಎಂಬ ಗ್ರಾಮವಿದೆ. ಅಲ್ಲಿಯ ಚಾಲುಕ್ಯ ದೇವಾಲಯದ ಹೊರಗೋಡೆಯ ಶಿಲಾಬಾಲಿಕೆಯರಲ್ಲಿ ಒಬ್ಬಳು ಶಾಸನ ಬರೆಯುತ್ತಿರುವ ಭಂಗಿಯಲ್ಲಿದ್ದಾಳೆ. ಅವಳು ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು. ಇತಿಹಾಸವನ್ನು ಬರೆಯುವ ಕೈಯನ್ನೇ ಶಿಲ್ಪವಾಗಿಸಿದ ಈ ಮೂರ್ತಿಯು, ಬರೆಸಿದವರು ಯಾರು ಎಂಬ ಪ್ರಶ್ನೆಯನ್ನೂ ನೋಡುಗನ ಮುಂದಿಡುತ್ತದೆ. ಆಟದ ನಗರದಲ್ಲಿ ಬರೆಯುವ ಕೈ ಕಾಣುವುದಿಲ್ಲ.

ಭಾಷೆಯ ಪ್ರಶ್ನೆಯೂ ಇಲ್ಲಿ ಪ್ರಸ್ತುತ. ಸಿರಿಯಾದ ಅಲ್ತಾಯಿರನು ಅಮೆರಿಕದ ಉಚ್ಚಾರಣೆಯ ಇಂಗ್ಲಿಷ್ ಆಡುತ್ತಾನೆ. ಕಲ್ಯಾಣವನ್ನು ಯಾರಾದರೂ ಆಟವಾಗಿಸಿದರೆ ಅದರ ಪಾತ್ರಗಳು ಯಾವ ಕನ್ನಡವನ್ನು ಆಡಬೇಕು? ಶಾಸನದ ಕನ್ನಡ, ವಚನದ ಕನ್ನಡ, ಇಂದಿನ ಬೀದರ ಸೀಮೆಯ ಕನ್ನಡ, ಇವುಗಳಲ್ಲಿ ಯಾವುದನ್ನು ಆಯ್ದರೂ ಅದೊಂದು ಸಾಹಿತ್ಯಕ ನಿರ್ಣಯ. ಮೇಲೆ ಹೆಸರಿಸಿದ ನಾಟಕಕಾರರು ಈ ಸಮಸ್ಯೆಯನ್ನು ಎದುರಿಸಿದ ಬಗೆಯು ಮಾರ್ಗದರ್ಶಕವಾಗಬಲ್ಲದು.

7. ಸಮಾರೋಪ

ಮಿತಿಗಳ ನಡುವೆಯೂ ಈ ಹಳೆಯ ಆಟದಲ್ಲಿ ತರಗತಿಗೆ ಉಪಯುಕ್ತವಾದ ಒಂದು ಅಂಶವಿದೆ. ಆಟಗಾರನು ದಾರಿಹೋಕರನ್ನು ಕೊಂದರೆ, ನಿನ್ನ ಪೂರ್ವಜನು ನಿರಪರಾಧಿಗಳನ್ನು ಕೊಲ್ಲಲಿಲ್ಲ ಎಂಬ ಅರ್ಥದ ಎಚ್ಚರಿಕೆ ತೆರೆಯ ಮೇಲೆ ಬರುತ್ತದೆ. ನೆನಪಿನೊಂದಿಗಿನ ಹೊಂದಾಣಿಕೆ ಕಡಿಮೆಯಾಗುತ್ತಾ ಹೋಗಿ, ಕೊನೆಗೆ ಕಥೆ ಕಡಿದು ಹಿಂದಕ್ಕೆ ಹೋಗುತ್ತದೆ. ಚಾರಿತ್ರಿಕ ಕಲ್ಪನೆಗೆ ಒಂದು ಎಲ್ಲೆ ಇರಬೇಕೆಂಬ ತತ್ತ್ವವು ಇಲ್ಲಿ ಆಟದ ನಿಯಮವಾಗಿದೆ. ಆ ಎಲ್ಲೆಯನ್ನು ಎಳೆಯುವವರು ಯಾರು ಎಂಬುದು ಮುಂದಿನ ಪ್ರಶ್ನೆ. ಕಲ್ಯಾಣದ ಮಟ್ಟಿಗೆ ಪುರಾಣಕಾರನು ಒಂದು ಎಲ್ಲೆ ಎಳೆಯುತ್ತಾನೆ, ಧರಣಿ ಪಂಡಿತನು ಇನ್ನೊಂದು, ಶಾಸನವು ಮತ್ತೊಂದು. ಈ ಮೂರು ಆಕರಗಳನ್ನು ವಿದ್ಯಾರ್ಥಿಗಳ ಮುಂದಿಟ್ಟು, ಜಗದೇವನ ಪಾತ್ರವನ್ನು ವಹಿಸಿದ ಆಟಗಾರನಿಗೆ ಯಾವ ಕ್ರಿಯೆಗಳನ್ನು ನಿಷೇಧಿಸಬೇಕು, ಯಾವುದಕ್ಕೆ ಅವಕಾಶವಿರಬೇಕು, ಅದಕ್ಕೆ ಆಧಾರವೇನು ಎಂದು ಪಟ್ಟಿ ಮಾಡಿಸಿದರೆ, ಆಕರ ವಿಮರ್ಶೆಯ ಪಾಠವು ತಾನಾಗಿಯೇ ಆರಂಭವಾಗುತ್ತದೆ. ಇದಕ್ಕೆ ಕಂಪ್ಯೂಟರಿನ ಅಗತ್ಯವೂ ಇಲ್ಲ.

ಇದೇ ಸರಣಿಯ ಈಜಿಪ್ಟಿನ ಆಟಕ್ಕೆ 2018ರಲ್ಲಿ ಕಾದಾಟವನ್ನು ಸಂಪೂರ್ಣವಾಗಿ ತೆಗೆದುಹಾಕಿ, ಪ್ರಾಚೀನ ನಗರಗಳಲ್ಲಿ ನಡೆದಾಡುತ್ತಾ ಕಲಿಯುವ ಒಂದು ರೂಪವನ್ನು ಸೇರಿಸಲಾಯಿತು. ಕೊಲೆಯಿಲ್ಲದೆಯೂ ನಗರವು ಕುತೂಹಲವನ್ನು ಹಿಡಿದಿಡಬಲ್ಲದೆಂದು ತಯಾರಕರೇ ಒಪ್ಪಿಕೊಂಡಂತಾಯಿತು. ಆದರೆ ಕಲ್ಯಾಣಕ್ಕೆ ಅಷ್ಟೇ ಸಾಲದು. ಕೊಲೆಯನ್ನು ತೆಗೆದುಹಾಕಿದರೆ ಕಲ್ಯಾಣದ ಕಥೆಯಿಂದ ಅದರ ನೋವೂ ಹೋಗುತ್ತದೆ. ಬೇಕಾಗಿರುವುದು ಕತ್ತಿ ಎತ್ತುವ ಮುನ್ನ ತಡೆದು ನಿಲ್ಲುವ ಅವಕಾಶವನ್ನೂ, ಎತ್ತಿದ ಮೇಲೆ ಊರಿಗೆ ಒದಗಿದ ಸ್ಥಿತಿಯನ್ನು ನೋಡುವ ಹೊಣೆಯನ್ನೂ, ಕಟ್ಟು ಹೊತ್ತು ನಡೆದವರ ದಾರಿಯನ್ನೂ ಒಳಗೊಂಡ ಕಥನ ಕ್ರಮ. ಸೋಮೇಶ್ವರನು ಬೇರೆ ಬೇರೆ ವಿಂಶತಿಗಳಲ್ಲಿಟ್ಟ ಕಥೆ ಮತ್ತು ಕ್ರೀಡೆಗಳನ್ನು ಒಂದುಗೂಡಿಸುವ ಕೆಲಸವು ಅವನ ರಾಜಧಾನಿಯ ವಿಷಯದಲ್ಲಿ ಇನ್ನೂ ಬಾಕಿಯಿದೆ. ಅದಕ್ಕೆ ಬೇಕಾದ ಆಕರಗಳು ಮತ್ತು ವಿಮರ್ಶೆಯ ಪರಂಪರೆ ಕನ್ನಡದಲ್ಲಿ ಸಿದ್ಧವಾಗಿವೆ.